ಬರಹವೂ ಒಂದು ಬ್ಯಾರ

ಮದುವೆ ಮಾತುಕತೆಗೆ ಕೂತಾಗ ಹುಡುಗಿ ಕಡೆಯವರ ಮೊದಲ ಪ್ರಶ್ನೆ, 'ಹುಡುಗ ಎಂತ ಮಾಡ್ತಾನೆ?' ಎಂಬುದು. 'ದಮ್ಮಾಮ್‌ನಲ್ಲಿದ್ದಾನೆ' ಎಂದರೆ ಸಾಕು, ಎಲ್ಲರ ಮುಖದಲ್ಲೂ ಸಮಾಧಾನ. 'ಬಂದರಿನಲ್ಲಿ ಅಂಗಡಿ ಉಂಟು' ಎಂದರೂ ಆಯಿತು. 'ಬರೀತಾನೆ' ಎಂದು ಹೇಳಿ ನೋಡಿ. 'ಅದು ಸರಿ, ಕೆಲಸ ಎಂತ?' ಎಂದು ಎರಡನೇ ಸಲ ಕೇಳುತ್ತಾರೆ.

ಕೇಳುವವರನ್ನು ದೂರಿ ಪ್ರಯೋಜನವಿಲ್ಲ. ಮಗಳನ್ನು ಕೊಡುವ ಮನೆಯಲ್ಲಿ ಅಕ್ಕಿ ಎಲ್ಲಿಂದ ಬರುತ್ತದೆ ಎಂದು ತಿಳಿಯುವುದು ಯಾವ ತಂದೆಗೂ ಇರುವ ಹಕ್ಕು. ಆದರೆ ಇತ್ತೀಚೆಗೆ ನಮ್ಮ ಊರುಗಳಲ್ಲಿ ಬರೆಯುವ ಹುಡುಗ ಹುಡುಗಿಯರು ಹೆಚ್ಚಾಗಿದ್ದಾರೆ. ಮದ್ರಸದಲ್ಲಿ ನನ್ನ ಕೈಯಲ್ಲಿ ಕಲಿತವರೇ ಕೆಲವರಿದ್ದಾರೆ. ಕಥೆ ಬರೆಯುತ್ತಾರೆ, ಲೇಖನ ಬರೆಯುತ್ತಾರೆ, ಮಲಯಾಳಂನಿಂದ ಅನುವಾದ ಮಾಡುತ್ತಾರೆ. ಒಂದೆರಡು ವರ್ಷ ಉತ್ಸಾಹ, ಆಮೇಲೆ ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ದಾರಿಯಲ್ಲಿ ಸಿಕ್ಕಿದಾಗ ಕೇಳಿದರೆ, 'ಬರೆಯುದು ಬಿಟ್ಟೆ ಉಸ್ತಾದೇ, ಮನಸ್ಸೇ ಬರುದಿಲ್ಲ' ಎನ್ನುತ್ತಾರೆ. ಮನಸ್ಸಿನ ಕಥೆ ಅಷ್ಟೇ ಎಂದು ಮೊದಲು ನಾನೂ ನಂಬುತ್ತಿದ್ದೆ. ಸ್ವಲ್ಪ ಕೂತು ಮಾತಾಡಿಸಿದರೆ ಹತ್ತರಲ್ಲಿ ಎಂಟು ಮಂದಿಯ ಕಥೆಯ ಅಡಿಯಲ್ಲಿ ದುಡ್ಡಿನ ವಿಷಯ ಇರುತ್ತದೆ. ಬರೆದದ್ದಕ್ಕೆ ಯಾರೂ ಕೊಟ್ಟಿಲ್ಲ, ಇವರೂ ಕೇಳಿಲ್ಲ.

ನಮ್ಮ ಸಮುದಾಯದ ಹೆಸರೇ 'ಬ್ಯಾರ' ಎಂಬ ತುಳು ಪದದಿಂದ, ಅಂದರೆ ವ್ಯಾಪಾರದಿಂದ ಬಂದದ್ದು ಎಂದು ಹೆಚ್ಚಿನವರು ಹೇಳುತ್ತಾರೆ. 'ಬಹ್ರ್' ಅಂದರೆ ಸಮುದ್ರ ಎಂಬ ಅರಬಿ ಪದದಿಂದ ಎನ್ನುವವರೂ ಇದ್ದಾರೆ. ಹೇಗೂ ಇರಲಿ, ಸಮುದ್ರದಲ್ಲೂ ನಮ್ಮ ಹಿರಿಯರು ಹೋದದ್ದು ವ್ಯಾಪಾರಕ್ಕೇ. ಒಣಮೀನು, ಅಡಿಕೆ, ಕಾಳುಮೆಣಸು, ಬಟ್ಟೆ, ಮರ, ಗುಜರಿ ಎಲ್ಲದಕ್ಕೂ ದರ ಹೇಳಲು ನಮಗೆ ನಾಚಿಕೆಯಿಲ್ಲ. ಬರಹಕ್ಕೆ ದರ ಹೇಳಬೇಕಾದಾಗ ಮಾತ್ರ ನಾಲಗೆ ಒಣಗುತ್ತದೆ.

ಜಝಾಕಲ್ಲಾಹ್ ಮತ್ತು ಶಾಮಿಯಾನ

ಯಾವುದಾದರೂ ಜಮಾಅತ್‌ನ ಅಥವಾ ಶಾಲೆಯ ಸ್ಮರಣ ಸಂಚಿಕೆಯ ಲೆಕ್ಕಪತ್ರ ನೋಡಿ. ಶಾಮಿಯಾನದವನಿಗೆ ಇಷ್ಟು, ಮೈಕ್‌ನವನಿಗೆ ಇಷ್ಟು, ಬಿರಿಯಾನಿಗೆ ಇಷ್ಟು, ಪ್ರಿಂಟಿಂಗ್ ಪ್ರೆಸ್ಸಿಗೆ ಇಷ್ಟು, ಮುಖಪುಟ ಡಿಸೈನ್ ಮಾಡಿದವನಿಗೆ ಇಷ್ಟು. ಎರಡು ತಿಂಗಳು ರಾತ್ರಿ ಕೂತು, ಹಿರಿಯರ ಮನೆಮನೆಗೆ ಹೋಗಿ ಕೇಳಿ ಬರೆದು, ಕರಡು ತಿದ್ದಿದ ಹುಡುಗನ ಹೆಸರಿನ ಮುಂದೆ ಸೊನ್ನೆ. ಅವನಿಗೆ ವೇದಿಕೆಯಲ್ಲಿ ಒಂದು ಶಾಲು, ಒಂದು 'ಜಝಾಕಲ್ಲಾಹು ಖೈರ್'. ಶಾಲು ಹೊದ್ದುಕೊಂಡು ರೇಷನ್ ಅಂಗಡಿಗೆ ಹೋಗಲಿಕ್ಕಾಗುದಿಲ್ಲ.

'ಒಳ್ಳೆ ಕೆಲಸಕ್ಕೆ ದುಡ್ಡು ಕೇಳುದಾ ಉಸ್ತಾದೇ, ಅದು ಸದಕಾ ಅಲ್ವಾ?' ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಸದಕಾ ಕೊಡುವವನು ತನ್ನ ನಿಯ್ಯತ್ತಿನಿಂದ ಕೊಡಬೇಕು. ಅವನ ಪರವಾಗಿ ಕಮಿಟಿಯವರು ನಿಯ್ಯತ್ ಮಾಡಲಿಕ್ಕಾಗುದಿಲ್ಲ. ಬರೆಯುವವನು ತಾನಾಗಿ 'ಇದು ನನ್ನ ಊರಿನ ಮಸೀದಿಗೆ ನನ್ನ ಕಾಣಿಕೆ' ಎಂದರೆ ಅದಕ್ಕಿಂತ ದೊಡ್ಡದು ಬೇರೆ ಉಂಟಾ? ಅವನು ಹಾಗೆ ಹೇಳದೆ ಇದ್ದಲ್ಲಿ ಅದು ಕೂಲಿ ಕೆಲಸ. ಕೂಲಿಯಾಳು ಮತ್ತು ಬೆವರಿನ ಕುರಿತ ಹದೀಸ್ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ವಅಳ್‌ನಲ್ಲಿ ಅದನ್ನು ಎಷ್ಟು ಸಲ ಕೇಳಿಲ್ಲ! ಬರೆಯುವವನ ಬೆವರು ಹೊರಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಮನೆಗಳಲ್ಲೇ ಇದಕ್ಕೆ ಪಾಠ ಉಂಟು. ಬೀಡಿ ಕಟ್ಟುವ ಉಮ್ಮಂದಿರನ್ನು ನೋಡಿ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರು. ಆದರೆ ಬ್ರಾಂಚಿನಿಂದ ಎಷ್ಟು ಎಲೆ ತಂದೆ, ಎಷ್ಟು ಹೊಗೆಸೊಪ್ಪು ತಂದೆ, ಎಷ್ಟು ಬೀಡಿ ಕೊಟ್ಟೆ, ಎಷ್ಟು ತಿರಸ್ಕಾರವಾಯಿತು ಎಲ್ಲ ಪಾಸ್ ಪುಸ್ತಕದಲ್ಲಿ ಉಂಟು. ಸಾವಿರ ಬೀಡಿಗೆ ಇಷ್ಟು ಮಜೂರಿ ಎಂದು ಗೊತ್ತುಂಟು. ಮಜೂರಿ ಏರಬೇಕಾದಾಗ ಏರಿಲ್ಲ ಎಂದರೆ ಜಗಳಕ್ಕೂ ತಯಾರು. ಆ ಉಮ್ಮನ ಮಗ ಡಿಗ್ರಿ ಮಾಡಿ ಸಾವಿರ ಪದದ ಲೇಖನ ಬರೆಯುತ್ತಾನೆ. ಸಾವಿರ ಪದಕ್ಕೆ ಎಷ್ಟು ಎಂದು ಕೇಳಿದರೆ ಅವನಿಗೇ ಗೊತ್ತಿಲ್ಲ.

ಪತ್ರಿಕೆಯ ಗೌರವಧನದಿಂದ ಮನೆ ನಡೆಯುವುದೇ?

ನಡೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಲೇಖನಕ್ಕೆ 500 ರೂಪಾಯಿ ಬರುತ್ತದೆ ಎಂದಿಟ್ಟುಕೊಳ್ಳೋಣ. ಮನೆಗೆ ತಿಂಗಳಿಗೆ 25,000 ಬೇಕು ಎಂದರೆ 50 ಲೇಖನ ಬರೆಯಬೇಕು. ದಿನಕ್ಕೆ ಒಂದೂವರೆಗಿಂತ ಹೆಚ್ಚು. ಬರೆಯಬಹುದು ಎಂದೇ ಇಟ್ಟುಕೊಳ್ಳಿ, 50ನ್ನೂ ಹಾಕುವ ಪತ್ರಿಕೆ ಎಲ್ಲುಂಟು? ಕನ್ನಡದ ಪತ್ರಿಕೆಗಳ ಪರಿಸ್ಥಿತಿಯೂ ಎಲ್ಲರಿಗೂ ಗೊತ್ತು. ಕೆಲವು ಕೊಡುತ್ತವೆ, ಕೆಲವು ತಡವಾಗಿ ಕೊಡುತ್ತವೆ, ಕೆಲವು ಪ್ರತಿ ಕಳಿಸಿ ಸುಮ್ಮನಾಗುತ್ತವೆ. (ಈ ಸಾಲನ್ನು ಪುಟದ ಸಂಪಾದಕರು ಕತ್ತರಿಸದೆ ಬಿಟ್ಟರೆ ಅವರಿಗೆ ನನ್ನ ದುಆ.)

ಹಾಗಾದರೆ ಬರೆದು ಬದುಕಿದವರು ಹೇಗೆ ಬದುಕಿದರು? ನಮ್ಮ ಹತ್ತಿರದವರನ್ನೇ ನೋಡೋಣ. ಬೊಳುವಾರು ಮುಹಮ್ಮದ್ ಕುಂಞಿಯವರು ಮುತ್ತುಪ್ಪಾಡಿ ಎಂಬ ಊರನ್ನು ಕಟ್ಟಿ ಕನ್ನಡಕ್ಕೆ ಕೊಟ್ಟರು. 'ಸ್ವಾತಂತ್ರ್ಯದ ಓಟ'ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡಮಿ ಪ್ರಶಸ್ತಿ ಬಂತು. ಮನೆ ನಡೆದದ್ದು ಸಿಂಡಿಕೇಟ್ ಬ್ಯಾಂಕಿನ ಸಂಬಳದಲ್ಲಿ. ಹಾಸನದ ಬಾನು ಮುಷ್ತಾಕ್ ಅವರು ವಕೀಲರು. ಸಾರಾ ಅಬೂಬಕ್ಕರ್ ಅವರ ದಾರಿ ಬೇರೆ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, ಮದುವೆ ಮಕ್ಕಳು ಎಲ್ಲ ಆದ ಮೇಲೆ, 40 ದಾಟಿದ ಮೇಲೆ ಅವರ ಬರಹ ಅಚ್ಚಾಗತೊಡಗಿತು. 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಮುಂದೆ ಅವರು ಚಂದ್ರಗಿರಿ ಪ್ರಕಾಶನ ಎಂದು ತಮ್ಮದೇ ಪ್ರಕಾಶನ ಶುರು ಮಾಡಿದರು. ಮಲಯಾಳಂನಿಂದ ಅನುವಾದಗಳನ್ನೂ ಮಾಡಿದರು. ಅವರ ವಿಚಾರಗಳ ಜೊತೆ ಜಗಳವಾಡಿದವರು ನಮ್ಮಲ್ಲಿ ತುಂಬ ಮಂದಿ, ನನಗೂ ಎಲ್ಲ ಒಪ್ಪಿಗೆಯಿಲ್ಲ. ಆದರೆ ಒಂದು ವಿಷಯ ಅವರಿಂದ ಕಲಿಯಲೇಬೇಕು: ತನ್ನ ಬರಹ ತನ್ನ ಸೊತ್ತು ಎಂಬುದು ಅವರಿಗೆ ಸರಿಯಾಗಿ ಗೊತ್ತಿತ್ತು. ತನ್ನ ಕಾದಂಬರಿಯ ಕಥೆಯನ್ನು ಕೇಳದೆ ಸಿನಿಮಾಕ್ಕೆ ಬಳಸಿದ್ದಾರೆ ಎಂದು ಅನಿಸಿದಾಗ ಇಳಿವಯಸ್ಸಿನಲ್ಲೂ ಕೋರ್ಟಿನ ಮೆಟ್ಟಿಲು ಹತ್ತಿದರು.

ನಮ್ಮ ಪುತ್ತೂರಿನ ಶಿವರಾಮ ಕಾರಂತರು ಯಾರ ಕೈಕೆಳಗೂ ಸಂಬಳಕ್ಕೆ ದುಡಿಯದೆ ಬರೆದೇ ಬಾಳಿದವರು ಎಂದು ಹೇಳುತ್ತೇವೆ. ಕಾದಂಬರಿ ಒಂದರಿಂದಲೇ ಬಾಳಿದರಾ? ಮಕ್ಕಳಿಗೆ 'ಬಾಲ ಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ' ಬರೆದರು, ಪಠ್ಯಪುಸ್ತಕ ಬರೆದರು, ಅಚ್ಚು ಹಾಕಿಸುವ ಕೆಲಸವನ್ನೂ ಮೈಮೇಲೆ ಎಳೆದುಕೊಂಡರು. ಅದಕ್ಕೂ ಹಿಂದೆ ಉತ್ತರ ಕರ್ನಾಟಕದಲ್ಲಿ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಇವರಲ್ಲಿ ಯಾರೂ ಒಂದೇ ಕಾಲಿನಲ್ಲಿ ನಿಂತವರಲ್ಲ.

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಕಥೆ ಇಬ್ನುಲ್ ಹೈಸಮ್ ಅವರದ್ದು. ಬೆಳಕಿನ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಎಂದು ಶಾಲೆಯ ಪುಸ್ತಕದಲ್ಲೂ ಅವರ ಹೆಸರುಂಟು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದವರು, ಸಾವಿರ ವರ್ಷದ ಹಿಂದಿನವರು. ಅವರಿಗೆ ಊಟ ಎಲ್ಲಿಂದ ಬರುತ್ತಿತ್ತು? ಇತಿಹಾಸಕಾರ ಇಬ್ನುಲ್ ಖಿಫ್ತೀ ಬರೆದಿಟ್ಟಿದ್ದಾರೆ. ಅವರು ಅಲ್ ಅಝ್‌ಹರ್ ಮಸೀದಿಯ ಬಳಿ ಇದ್ದುಕೊಂಡು ವರ್ಷಕ್ಕೊಮ್ಮೆ ಯೂಕ್ಲಿಡ್‌ನ ರೇಖಾಗಣಿತ, ಟಾಲೆಮಿಯ ಖಗೋಳ ಗ್ರಂಥ ಅಲ್ ಮಜಿಸ್ತಿ, ಇವೆರಡರ ಮಧ್ಯೆ ಓದುವ ಗಣಿತದ ಕಿತಾಬುಗಳು, ಇಷ್ಟನ್ನು ಕೈಯಲ್ಲಿ ನಕಲು ಮಾಡಿ 150 ಈಜಿಪ್ಟಿನ ದೀನಾರಿಗೆ ಮಾರುತ್ತಿದ್ದರು. ದರ ಎಷ್ಟು ನಿಶ್ಚಿತವಾಗಿತ್ತು ಎಂದರೆ ಚೌಕಾಸಿಯ ಮಾತೇ ಇರಲಿಲ್ಲವಂತೆ. ಆ ದುಡ್ಡು ವರ್ಷದ ಖರ್ಚಿಗೆ ಸಾಕು. ಉಳಿದ ಸಮಯ ತಮ್ಮ ಸ್ವಂತ ಕಿತಾಬುಗಳಿಗೆ.

ಇಲ್ಲಿ ಎರಡು ವಿಷಯ ಗಮನಿಸಿ. ಅಷ್ಟು ದೊಡ್ಡ ಆಲಿಮ್‌ಗೆ ಇನ್ನೊಬ್ಬರ ಪುಸ್ತಕವನ್ನು ನಕಲು ಮಾಡುವುದು ಸಣ್ಣ ಕೆಲಸ ಎಂದು ತೋರಲಿಲ್ಲ. ಮತ್ತೆ, ದರ ಹೇಳಲು ಅವರಿಗೆ ಸಂಕೋಚವಿರಲಿಲ್ಲ. ಇವತ್ತಿನ ನಮ್ಮ ಹುಡುಗನಿಗೆ 'ಒಂದು ಪುಸ್ತಕದ ಕರಡು ತಿದ್ದಿ ಕೊಡು' ಎಂದರೆ 'ನಾನು ಕವಿ' ಎನ್ನುತ್ತಾನೆ.

ನಮ್ಮ ನಾಲಗೆಯೇ ಬಂಡವಾಳ

ಬ್ಯಾರಿ ಮನೆಯ ಮಗುವಿಗೆ ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿ ಅಕ್ಷರ. ಮಲಯಾಳಂ ಕೇಳಿದರೆ ಅರ್ಥವಾಗುತ್ತದೆ. ಗಲ್ಫಿಗೆ ಹೋಗಿ ಬಂದವನಿಗೆ ಹಿಂದಿ, ಉರ್ದುವೂ ಬಂದಿರುತ್ತದೆ. ಇಷ್ಟು ಭಾಷೆ ಪುಕ್ಕಟೆಯಾಗಿ ಸಿಗುವ ಸಮುದಾಯ ಎಷ್ಟುಂಟು? ಆದರೆ ನಾವು ಅದನ್ನು ಬಂಡವಾಳ ಎಂದು ಎಣಿಸಿಲ್ಲ.

ಅನುವಾದದ ಕೆಲಸ ಇರುವುದು ಇಲ್ಲೇ. ಆಸ್ಪತ್ರೆಯ ಸೂಚನಾ ಪತ್ರ, ಕಂಪೆನಿಯ ಕೈಪಿಡಿ, ಜಾಹೀರಾತು, ಶಾಲೆಯ ಪುಸ್ತಕ, ವೀಡಿಯೊದ ಕೆಳಗೆ ಬರುವ ಸಬ್‌ಟೈಟಲ್, ಧಾರ್ಮಿಕ ಪುಸ್ತಕ. ಇನ್ನೊಂದು ಸಂಗತಿ ಹೇಳುತ್ತೇನೆ. ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ ಅರಬಿ ಮಲಯಾಳಂ ಕಿತಾಬುಗಳು, ಮಾಲೆಗಳು, ಕೈಬರಹದ ಪತ್ರಗಳು ಇನ್ನೂ ಉಂಟು. ಓದಲು ಬರುವ ಹಿರಿಯರು ವರ್ಷ ವರ್ಷ ಕಮ್ಮಿಯಾಗುತ್ತಿದ್ದಾರೆ. ಆ ಲಿಪಿ ಓದಿ ಒಳ್ಳೆಯ ಕನ್ನಡದಲ್ಲಿ ಬರೆಯಬಲ್ಲ ಹುಡುಗ ಅಥವಾ ಹುಡುಗಿ ಇವತ್ತು ತಯಾರಾದರೆ ಹತ್ತು ವರ್ಷದಲ್ಲಿ ಅಂಥವರನ್ನು ಹುಡುಕಿಕೊಂಡು ಬರುತ್ತಾರೆ. ಸಂಶೋಧಕರು ಬರುತ್ತಾರೆ, ಕುಟುಂಬದ ಚರಿತ್ರೆ ಬರೆಸುವವರೂ ಬರುತ್ತಾರೆ.

ಅನುವಾದ ಎರಡನೇ ದರ್ಜೆಯ ಕೆಲಸ ಎನ್ನುವವರಿಗೆ 2025ರ ಇಂಟರ್‌ನ್ಯಾಷನಲ್ ಬೂಕರ್ ನೆನಪಿಸುತ್ತೇನೆ. ಬಾನು ಮುಷ್ತಾಕ್ ಅವರ ಕಥೆಗಳಿಗೆ ಬಂದ ಆ ಪ್ರಶಸ್ತಿಯ ಮೊತ್ತ 50,000 ಪೌಂಡ್. ಅದರಲ್ಲಿ ಸರಿ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರಿಗೆ. ಬರೆದವರಿಗೆ ಎಷ್ಟೋ, ಭಾಷೆ ದಾಟಿಸಿದವರಿಗೂ ಅಷ್ಟೇ.

ಇನ್ನು ದರ. ಹೇಗೆ ಹೇಳುವುದು ಎಂದು ತುಂಬ ಮಂದಿ ಕೇಳುತ್ತಾರೆ. ನಾನು ಹೇಳಿಕೊಡುವ ಲೆಕ್ಕ ಸುಲಭ. ನಿಮ್ಮ ಊರಿನಲ್ಲಿ ಗಾರೆ ಕೆಲಸದ ಮೇಸ್ತ್ರಿಗೆ ದಿನಕ್ಕೆ ಎಷ್ಟು ಕೊಡುತ್ತಾರೆ ಎಂದು ವಿಚಾರಿಸಿ. 1,000 ರೂಪಾಯಿ ಎಂದಿಟ್ಟುಕೊಳ್ಳಿ. ಗಡಿಬಿಡಿಯಿಲ್ಲದೆ, ತಿದ್ದಿ ಓದಿ, ದಿನಕ್ಕೆ ಎಷ್ಟು ಪದ ಅನುವಾದ ಮಾಡುತ್ತೀರಿ? 800 ಎಂದಿಟ್ಟುಕೊಳ್ಳಿ. ಭಾಗಿಸಿದರೆ ಪದಕ್ಕೆ ಒಂದೂಕಾಲು ರೂಪಾಯಿ. ಅದಕ್ಕಿಂತ ಕೆಳಗೆ ಹೋದರೆ ನೀವು ಮೇಸ್ತ್ರಿಗಿಂತ ಕಮ್ಮಿಗೆ ದುಡಿಯುತ್ತಿದ್ದೀರಿ ಎಂದರ್ಥ. ಮೇಸ್ತ್ರಿಯ ಕೆಲಸ ಕೀಳು ಎಂದು ಹೇಳುವುದಲ್ಲ, ಅವನಿಗೆ ತನ್ನ ದರ ಗೊತ್ತುಂಟು ಎಂದಷ್ಟೇ.

ಈಗ ಯಂತ್ರವೇ ಅನುವಾದ ಮಾಡುತ್ತದೆ, ಎಐ ಬಂದ ಮೇಲೆ ನಮಗೆಂತ ಕೆಲಸ ಎಂಬ ಹೆದರಿಕೆಯೂ ಉಂಟು. ಸುಳ್ಳಲ್ಲ. ಸುಲಭದ, ಒಣ ಕೆಲಸಗಳು ಕಮ್ಮಿಯಾಗಿವೆ. 'ಯಂತ್ರ ಮಾಡಿದ್ದುಂಟು, ಸ್ವಲ್ಪ ತಿದ್ದಿ ಕೊಡಿ, ಅರ್ಧ ದರ' ಎಂದು ಕೇಳುವವರು ಬಂದಿದ್ದಾರೆ. ಆ 'ಸ್ವಲ್ಪ' ಎಂಬುದು ಹೊಸದಾಗಿ ಬರೆಯುವಷ್ಟೇ ಸಮಯ ತಿನ್ನುತ್ತದೆ. ಅಂಥ ಕೆಲಸಕ್ಕೆ ಪದದ ದರ ಬೇಡ, ಗಂಟೆಯ ದರ ಹೇಳಿ. ಮತ್ತೆ, ಬ್ಯಾರಿ ಮನೆಯ ಅಡುಗೆಕೋಣೆಯ ಮಾತು, ಮಯ್ಯಿತ್ ಮನೆಯ ಮೌನ, ಬಂದರಿನ ದಲ್ಲಾಳಿಯ ಬೈಗುಳ, ಇವುಗಳನ್ನು ಕೂತು ಕೇಳಿದವನೇ ಬರೆಯಬೇಕು.

ಬಖರಾ ಸೂರಾದ ಪಾಠ

ಪವಿತ್ರ ಖುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದು ಎಂದು ಮದ್ರಸದ ಕ್ವಿಝ್‌ನಲ್ಲಿ ಕೇಳುತ್ತೇವೆ. ಬಖರಾ ಸೂರಾದ 282ನೆಯದು ಎಂದು ಮಕ್ಕಳು ತಟ್ಟನೆ ಹೇಳುತ್ತಾರೆ. ಅದು ಯಾವುದರ ಬಗ್ಗೆ ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಅವಧಿ, ಸಾಕ್ಷಿ, ಬರೆಯುವವನ ಹೊಣೆ, ಮೊತ್ತ ಸಣ್ಣದಿದ್ದರೂ ಬರೆಯಲು ಬೇಸರಪಡದಿರುವುದು ಎಲ್ಲ ಅದರಲ್ಲುಂಟು. ಇಷ್ಟು ದೀರ್ಘವಾಗಿ ಹೇಳಿದ ವಿಷಯವನ್ನು ಬರೆದೇ ಬದುಕುವವರು ಮರೆತಿದ್ದಾರೆ. ಕೆಲಸ ಮುಗಿಸಿ ಕೊಟ್ಟು, ದುಡ್ಡು ಮುಂದಿನ ತಿಂಗಳು ಎಂದ ಕೂಡಲೇ ಅದು ಸಾಲದ ವ್ಯವಹಾರವೇ ಆಯಿತಲ್ಲ!

'ಪರಿಚಯದವರು, ಹೇಗೆ ಬರೆಸಿಕೊಳ್ಳುದು?' ಎನ್ನುತ್ತಾರೆ. ಸ್ಟ್ಯಾಂಪ್ ಪೇಪರ್ ಬೇಕಾಗಿಲ್ಲ. ಒಂದು ವಾಟ್ಸ್‌ಆ್ಯಪ್ ಸಂದೇಶ, ಇಲ್ಲವೇ ಇಮೇಲ್: ಕೆಲಸ ಎಂತದ್ದು, ಎಷ್ಟು ಪದ, ಯಾವ ದಿನ ಕೊಡುತ್ತೇನೆ, ಎಷ್ಟು ರೂಪಾಯಿ, ಮುಂಗಡ ಎಷ್ಟು, ಬಾಕಿ ಎಷ್ಟು ದಿನದಲ್ಲಿ, ತಿದ್ದುಪಡಿ ಎಷ್ಟು ಸಲ. ಆ ಕಡೆಯಿಂದ 'ಓಕೆ' ಎಂದು ಬಂದರೆ ಸಾಕು. ಜಗಳ ಬಂದಾಗ ತೋರಿಸಲಿಕ್ಕಲ್ಲದಿದ್ದರೂ, ಜಗಳ ಬಾರದಿರಲಿಕ್ಕೆ. ದೊಡ್ಡ ಕೆಲಸವಾದರೆ ಅರ್ಧ ಮುಂಗಡ ಕೇಳಿ. ನಮ್ಮ ಪರಿಚಯದ ಒಬ್ಬ ಹೆಣ್ಣುಮಗಳು ಮನೆಯಲ್ಲೇ ಕೂತು ಕನ್ನಡ ಪುಸ್ತಕಗಳ ಕರಡು ತಿದ್ದುತ್ತಾರೆ. ಮುಂಗಡ ಕೇಳಲು ಆರಂಭಿಸಿದ ಮೇಲೆ ಕೆಲವು ಗಿರಾಕಿಗಳು ಹೋದರಂತೆ. 'ಹೋದವರು ಮೊದಲೂ ಕೊಡ್ತಿರಲಿಲ್ಲ ಉಸ್ತಾದೇ' ಎಂದರು ಆಕೆ.

ಪುಸ್ತಕ ಬರೆದವರಿಗೆ ಇನ್ನೊಂದು ವಿಷಯ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದವನು ಬದುಕಿರುವವರೆಗೆ ಹಕ್ಕು ಅವನದ್ದು, ತೀರಿಹೋದ ಮೇಲೆ 60 ವರ್ಷ ಅವನ ವಾರಸುದಾರರದ್ದು. ಅಂದರೆ ಅದು ಮೀರಾಸ್. ಹಕ್ಕನ್ನು ಇನ್ನೊಬ್ಬರಿಗೆ ವಹಿಸಬೇಕಾದರೆ ಬರವಣಿಗೆಯಲ್ಲಿ ಇರಬೇಕು, ಸಹಿ ಇರಬೇಕು. ಬಾಯಿಮಾತಿನಲ್ಲಿ ಹಕ್ಕು ಹೋಗುವುದಿಲ್ಲ. ಒಪ್ಪಂದದಲ್ಲಿ ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪ್ರಕಾಶಕರು ಮುಂದಿಡುವ ಕಾಗದದಲ್ಲಿ 'ಎಲ್ಲ ಹಕ್ಕು, ಶಾಶ್ವತವಾಗಿ' ಎಂದಿದ್ದರೆ ಅಲ್ಲಿಯೇ ಪೆನ್ನು ಕೆಳಗಿಡಿ. 20 ಪ್ರತಿ ಕೈಗೆ ಕೊಟ್ಟು 'ಇದೇ ನಿಮ್ಮ ಗೌರವಧನ' ಎಂದು ಮುಗಿಸುವ ಪದ್ಧತಿಯೂ ಉಂಟು. ಒಪ್ಪುವುದಾದರೆ ಕಣ್ಣು ತೆರೆದು ಒಪ್ಪಿ.

ಪ್ಯಾನ್ ಕಾರ್ಡ್ ಮಾಡಿಸಿಕೊಳ್ಳಿ. ಕಂಪೆನಿಗಳು ಒಂದು ಮಿತಿಯ ಮೇಲೆ ಶೇ. 10 ತೆರಿಗೆ ಹಿಡಿದುಕೊಂಡು ಕೊಡುತ್ತವೆ. ನಿಮ್ಮ ಆದಾಯ ತೆರಿಗೆಯ ಮಿತಿಯೊಳಗೆ ಇದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯಬಹುದು. ಎಷ್ಟೋ ಹುಡುಗರು ಅದನ್ನು ಹೋದ ದುಡ್ಡು ಎಂದು ಬಿಟ್ಟುಬಿಡುತ್ತಾರೆ.

ಬಂದ ದುಡ್ಡು ನಿಲ್ಲುವುದು ಹೇಗೆ ಎಂಬುದಕ್ಕೆ ಬಂದರಿನ ಕಡೆ ನೋಡಿದರೆ ಸಾಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಮೀನಿನವರು ಅದನ್ನು ಗೊತ್ತಿದ್ದೇ ಬದುಕುತ್ತಾರೆ, ಮೇ ತಿಂಗಳ ದುಡ್ಡನ್ನು ಮೇ ತಿಂಗಳಲ್ಲೇ ಮುಗಿಸುವುದಿಲ್ಲ. ಬರೆಯುವವರಿಗೂ ಇಂಥ 61 ದಿನಗಳಿವೆ, ತಾರೀಕು ಮಾತ್ರ ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ಸಂಬಳದ ಕೆಲಸ ಬಿಟ್ಟು ಬರೆಯುತ್ತೇನೆ ಎನ್ನುವವರಿಗೆ ನಾನು ಕೇಳುವುದು ಒಂದೇ: ಆರು ತಿಂಗಳ ಮನೆಖರ್ಚು ಕೈಯಲ್ಲಿ ಉಂಟಾ? ಇಲ್ಲವಾದರೆ ಕೆಲಸ ಬಿಡಬೇಡಿ. ಬೆಳಿಗ್ಗೆ ಅಂಗಡಿ ನೋಡಿ, ರಾತ್ರಿ ಬರೆಯಿರಿ. ತವಕ್ಕುಲ್ ಎಂದರೆ ಒಂಟೆಯನ್ನು ಬಿಚ್ಚಿ ಬಿಡುವುದಲ್ಲ ಎಂದು ಮಕ್ಕಳಿಗೆ ಕಲಿಸುತ್ತೇವಲ್ಲ.

ಇನ್ನೊಂದು ಎಚ್ಚರಿಕೆ ಉಸ್ತಾದನಾಗಿ ಹೇಳಲೇಬೇಕು. ದುಡ್ಡು ಬರುತ್ತದೆ ಎಂದು ಎಲ್ಲ ಬರಹವೂ ಹಲಾಲ್ ಆಗುವುದಿಲ್ಲ. ಕಾಲೇಜು ಮಕ್ಕಳ ಪ್ರಾಜೆಕ್ಟ್, ಪ್ರಬಂಧಗಳನ್ನು ಬರೆದುಕೊಟ್ಟು ದುಡ್ಡು ಮಾಡುವವರು ಇದ್ದಾರೆ. ಅದು ಮೋಸಕ್ಕೆ ಕೈಜೋಡಿಸುವುದು. ತಿನ್ನದ ಹೋಟೆಲಿನ ಊಟ ಹೊಗಳುವುದು, ಕೊಳ್ಳದ ಸಾಮಾನಿಗೆ ಐದು ಸ್ಟಾರ್ ಕೊಡುವುದು, ಚುನಾವಣೆ ಬಂದಾಗ ಇನ್ನೊಂದು ಸಮುದಾಯದ ಮೇಲೆ ವಿಷ ಕಾರುವ ಪೋಸ್ಟ್ ಬರೆಯುವುದು ಇವೂ ಅದೇ ಸಾಲಿನವು. ಆದರೆ ಊರಿನ ಒಬ್ಬ ಹಾಜಿಯವರು ತಮ್ಮ ಗಲ್ಫ್ ಜೀವನವನ್ನು ಹೇಳುತ್ತಾರೆ, ನೀವು ಬರೆದು ಕೊಡುತ್ತೀರಿ, ಪುಸ್ತಕದಲ್ಲಿ ಅವರ ಹೆಸರಿರುತ್ತದೆ. ಇದು ತಪ್ಪಲ್ಲ. ಕಥೆ ಅವರದ್ದೇ, ಕೈ ನಿಮ್ಮದು. 'ನಿರೂಪಣೆ' ಎಂದು ನಿಮ್ಮ ಹೆಸರು ಸಣ್ಣದಾಗಿ ಹಾಕಿಸಿಕೊಳ್ಳಿ, ಮುಂದಿನ ಹಾಜಿಯವರು ಅದನ್ನು ನೋಡಿಯೇ ಬರುವುದು.

ಮನಸ್ಸು ಬರುವುದು, ಬಾರದಿರುವುದು

ಮನಸ್ಸಿನ ವಿಷಯಕ್ಕೆ ಬರುತ್ತೇನೆ. ಹಿಫ್‌ಳ್ ಮಾಡುವ ಹತ್ತು ವರ್ಷದ ಮಕ್ಕಳಿಗೆ ಪ್ರತಿ ಬೆಳಿಗ್ಗೆ ಮನಸ್ಸು ಬರುತ್ತದೆ ಎಂದು ನೀವು ತಿಳಿದಿದ್ದೀರಾ? ಕೆಲವು ದಿನ ಕಣ್ಣೀರು ಬರುತ್ತದೆ. ಆದರೂ ಮುಸ್‌ಹಫ್‌ನ 604 ಪುಟ ಮುಗಿಯುತ್ತದೆ. ದಿನಕ್ಕೊಂದು ಪುಟ ಹಿಡಿದರೂ 20 ತಿಂಗಳ ಲೆಕ್ಕ. ನಿಜವಾದ ಶ್ರಮ ಹೊಸ ಪುಟದ್ದಲ್ಲ, ಹಳೆಯದನ್ನು ಮತ್ತೆ ಮತ್ತೆ ಒಪ್ಪಿಸುವುದರದ್ದು. ಇಷ್ಟೇ ಸಮಯ, ಇದೇ ಜಾಗ, ಇಷ್ಟೇ ಪುಟ. ಬರಹಕ್ಕೂ ನನಗೆ ಗೊತ್ತಿರುವ ಉಪಾಯ ಇದೊಂದೇ. ದಿನಕ್ಕೆ 300 ಪದ, ವರ್ಷದಲ್ಲಿ 300 ದಿನ ಬರೆದರೆ 90,000 ಪದ. ದಪ್ಪದೊಂದು ಪುಸ್ತಕ. ನಿನ್ನೆ ಬರೆದದ್ದನ್ನು ತಿದ್ದಿದ ಮೇಲೆಯೇ ಇವತ್ತಿನದ್ದು.

ಸುಬ್‌ಹಿ ನಮಾಝಿನ ನಂತರದ ಒಂದು ಗಂಟೆಯಲ್ಲಿ ಇರುವ ಬರಕತ್ ಬೇರೆ. ಮೊಬೈಲು ಅಷ್ಟು ಹೊತ್ತಿಗೆ ಅರಚುವುದಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಬರೆದು ಸುಬ್‌ಹಿ ಖಳಾ ಮಾಡುವ ಕವಿಗಳಿಗೆ ನಾನು ಹೆಚ್ಚು ಹೇಳುವುದಿಲ್ಲ. ಒಂದು ವಾರ ಬದಲಾಯಿಸಿ ನೋಡಿ ಎಂದಷ್ಟೇ ಹೇಳುತ್ತೇನೆ. ಮತ್ತೆ ದುಡ್ಡಿನ ಕೆಲಸವನ್ನೂ ಸ್ವಂತ ಬರಹವನ್ನೂ ಒಂದೇ ಹೊತ್ತಿಗೆ ಇಟ್ಟುಕೊಳ್ಳಬಾರದು. ಬೆಳಗಿನ ಹೊಸ ತಲೆ ಸ್ವಂತದ್ದಕ್ಕೆ, ಲುಹ್ರ್ ನಂತರದ ತಲೆ ಗಿರಾಕಿಯದ್ದಕ್ಕೆ. ಉಲ್ಟಾ ಮಾಡಿದವರ ಕಥೆ ಕಾದಂಬರಿಗಳೆಲ್ಲ ಪೆಟ್ಟಿಗೆಯಲ್ಲಿವೆ.

ಲೇಖನ ವಾಪಸು ಬಂದರೆ ಬೇಸರವಾಗುತ್ತದೆ. ಬೀಡಿ ಬ್ರಾಂಚಿನಲ್ಲಿ ಒಂದು ಕಟ್ಟು ತಿರಸ್ಕಾರವಾದರೆ ಉಮ್ಮ ಬೀಡಿ ಕಟ್ಟುವುದನ್ನೇ ಬಿಟ್ಟಳಾ? ಎಲ್ಲಿ ಸಡಿಲ ಇತ್ತು ಎಂದು ನೋಡಿ ಮರುದಿನ ಬಿಗಿಯಾಗಿ ಕಟ್ಟಿದಳು. ಒಂದು ಕಡೆ ಬೇಡವೆಂದದ್ದನ್ನು ತಿದ್ದಿ ಇನ್ನೊಂದು ಕಡೆ ಕಳಿಸಿ. ಮಂಗಳೂರು ಆಕಾಶವಾಣಿಗೆ ಭಾಷಣವಾಗಿ ಬರೆದು ಕೇಳಿ ನೋಡಿ, ಅಲ್ಲಿ ಸಂಭಾವನೆ ಉಂಟು. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನದ ಯೋಜನೆ ಉಂಟು. ಬ್ಯಾರಿ ಸಾಹಿತ್ಯ ಅಕಾಡಮಿಯ ಪ್ರಕಟಣೆಗಳ ಮೇಲೆ ಕಣ್ಣಿಡಿ, ಬ್ಯಾರಿಯಲ್ಲಿ ಬರೆಯುವವರು ಇನ್ನೂ ಕಮ್ಮಿ ಇದ್ದಾರೆ, ಹಾಗಾಗಿ ಜಾಗ ಉಂಟು.

ಮನೆಯವರಿಗೂ ಒಂದೆರಡು ಮಾತು. ಮನೆಯಲ್ಲಿ ಕೂತು ಬರೆಯುವ ಮಗನನ್ನು 'ಹೇಗೂ ಸುಮ್ಮನೆ ಕೂತಿದ್ದಿಯಲ್ಲ' ಎಂದು ಮೀನಿಗೆ, ಗ್ಯಾಸಿಗೆ, ಬ್ಯಾಂಕಿಗೆ ಓಡಿಸಬೇಡಿ. ಅಂಗಡಿಯಲ್ಲಿ ಕೂತವನನ್ನು ಹಾಗೆ ಕರೆಯುತ್ತೀರಾ? ಸೊಸೆ ಬರೆಯುತ್ತಾಳೆ ಎಂದರೆ ಅವಳಿಗೆ ದಿನಕ್ಕೆ ಒಂದು ಗಂಟೆ ಬಾಗಿಲು ಹಾಕಿಕೊಳ್ಳುವ ಕೋಣೆ ಕೊಡಿ, ಆ ಹೊತ್ತಿಗೆ ಮೊಮ್ಮಕ್ಕಳನ್ನು ನೀವು ನೋಡಿಕೊಳ್ಳಿ. ಅವಳಿಗೆ ಬಂದ ದುಡ್ಡು ಅವಳ ಖಾತೆಗೇ ಹೋಗಲಿ, ಅದು ಶರೀಅತ್ ಕೊಟ್ಟ ಹಕ್ಕು. ಜಮಾಅತ್ ಕಮಿಟಿಯವರು ಮುಂದಿನ ಸ್ಮರಣ ಸಂಚಿಕೆಯ ಬಜೆಟ್ ಮಾಡುವಾಗ ಶಾಮಿಯಾನದ ಕೆಳಗೆ ಇನ್ನೊಂದು ಸಾಲು ಸೇರಿಸಿ: ಬರೆದವರಿಗೆ.

ಇನ್ನು ಬರೆಯುವ ಮಕ್ಕಳಿಗೆ ತುರ್ತಿನ ವಿಷಯ. ರಮಳಾನ್ ವಿಶೇಷ ಪುಟಗಳಿಗೆ ಪತ್ರಿಕೆಗಳು ಲೇಖನ ಹುಡುಕುತ್ತವೆ. ಹಿಜರಿ ವರ್ಷ ಪ್ರತಿ ಸಲ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ ಎಂಬುದನ್ನು ಮರೆತು ಕೂತವರ ಲೇಖನ ಪೆರ್ನಾಳ್ ಕಳೆದ ಮೇಲೆ ತಲುಪುತ್ತದೆ. ರಜಬ್ ತಿಂಗಳಲ್ಲೇ ಏನು ಬರೆಯುತ್ತೀರಿ ಎಂದು ನಾಲ್ಕು ಸಾಲಿನಲ್ಲಿ ಸಂಪಾದಕರಿಗೆ ತಿಳಿಸಿ, ಅವರು ಹೂಂ ಎಂದ ಮೇಲೆ ಬರೆಯಿರಿ, ಶಅಬಾನ್ ಅರ್ಧ ಆಗುವ ಮೊದಲು ಕಳಿಸಿ. ಕಳಿಸುವಾಗ ಕೊನೆಯಲ್ಲಿ ಹೆಸರು, ಊರು, ಫೋನ್ ನಂಬರಿನ ಜೊತೆಗೆ ಬ್ಯಾಂಕ್ ಖಾತೆಯ ವಿವರವನ್ನೂ ಬರೆಯಿರಿ.